ನೀಲಿಯ ನಾಲ್ಕು ಹನಿ

ಅಮೆರಿಕೆಯಲ್ಲಿ ಹುಟ್ಟಿ ಬೆಳೆದ ಮೊಮ್ಮಗನಿಂದ ಬಸವನಗುಡಿಯ ಮನೆಗೆ ಕಾಗದ ಬಂದಿತ್ತು. ಹುಡುಗ ಕನ್ನಡವನ್ನು ಆಡಬಲ್ಲ, ಬರೆಯಲಾರ. ಆದುದರಿಂದ ಕಾಗದವೆಲ್ಲ ಇಂಗ್ಲಿಷಿನಲ್ಲಿ. ತಾತ ಓದಿ ಅರ್ಥ ಹೇಳುತ್ತಿದ್ದರು, ಅಜ್ಜಿ ಕೇಳುತ್ತಿದ್ದರು. ತನ್ನ ಮದುವೆಗೆ ಅವರಿಬ್ಬರೂ ಬರಲಾಗದೆ ಹೋದುದನ್ನು ನೆನೆದು, ತನ್ನ ಸಂತೋಷ ವಿಷಾದದಿಂದ ‘ಟಿಂಜ್’ ಆಗಿತ್ತೆಂದು ಅವನು ಬರೆದಿದ್ದ.

“ಸಂತೋಷಕ್ಕೆ ದುಃಖದ ಬಣ್ಣ ಬಳಿದಿತ್ತಂತೆ” ಎಂದರು ತಾತ.

ಅಜ್ಜಿಯ ಮುಖ ಬಾಡಿತು. “ಹಾಗಾದರೆ ಆ ಸಂತೋಷ ಬರಿಯ ಬಣ್ಣವೆ? ಮಗು ಮನಸ್ಸಿಲ್ಲದೆ ಮದುವೆಯಾದನೇನು?”

ತಪ್ಪು ಅಜ್ಜಿಯದಲ್ಲ. ‘ಬಣ್ಣದ ಮಾತು’ ಎಂದರೆ ಕನ್ನಡದಲ್ಲಿ ನಂಬಲಾಗದ ಮಾತು. ‘ಬಣ್ಣ ಬಯಲಾಯಿತು’ ಎಂದರೆ ಮೋಸ ಹೊರಬಿತ್ತೆಂದೇ ಅರ್ಥ. ಇಂಗ್ಲಿಷಿನ ಆ ಪುಟ್ಟ ಪದದಲ್ಲಿ ಇಂಥ ಕಪಟವಿಲ್ಲ. ಲ್ಯಾಟಿನ್ನಿನ ‘ಟಿಂಗೆರೆ’ ಅದರ ಮೂಲ. ಅದ್ದುವುದು, ಬಣ್ಣವೇರಿಸುವುದು ಎಂದು ಅದರರ್ಥ. ಮಕ್ಕಳ ಮೊಣಕಾಲಿನ ಗಾಯಕ್ಕೆ ಹಚ್ಚಿ ಅಳಿಸುತ್ತಿದ್ದ ಟಿಂಕ್ಚರ್, ಚಿತ್ರಗಾರನ ಟಿಂಟ್ ಎಲ್ಲವೂ ಅದೇ ಬೇರಿನ ಚಿಗುರುಗಳು. ಟಿಂಟ್ ಎಂಬುದು ಬಿಳಿ ಬೆರೆಸಿ ತಿಳಿಗೊಳಿಸಿದ ಬಣ್ಣ. ಟಿಂಜ್ ಎಂಬುದಾದರೋ ಒಂದರ ಮೇಲೆ ಸುಳಿಯುವ ಇನ್ನೊಂದರ ಛಾಯೆ. ಅದು ಮೂಲವನ್ನು ಮುಚ್ಚುವುದಿಲ್ಲ, ತನ್ನ ಇರವನ್ನು ಮರೆಸುವುದೂ ಇಲ್ಲ. ಸಂಜೆಯ ಮುಗಿಲಿನ ಕೆಂಪಿಗೂ ಮೆಚ್ಚಿಕೆಯ ಮಾತಿನಲ್ಲಿ ಇಣುಕುವ ಅಸೂಯೆಗೂ ಆ ಒಂದೇ ಪದ ಸಲ್ಲುತ್ತದೆ.

ಕನ್ನಡವೇನೂ ಬಡವಲ್ಲ. ನಸುಗೆಂಪು, ನಸುನಗೆ, ನಸುಮುನಿಸು ಎಂದು ಕಣ್ಣು ಕಂಡುದನ್ನೂ ಮನಸ್ಸು ಉಂಡುದನ್ನೂ ಒಂದೇ ‘ನಸು’ವಿನಿಂದ ಅಳೆಯುವ ನುಡಿ ಇದು. ಸಂಸ್ಕೃತದಿಂದ ಬಂದ ‘ರಾಗ’ವಂತೂ ಬಣ್ಣವೂ ಹೌದು, ಒಲವೂ ಹೌದು. ಆದರೆ ತಾತನಿಗೆ ಆ ಗಳಿಗೆಯಲ್ಲಿ ಇವಾವುವೂ ಒದಗಲಿಲ್ಲ.

ಒದಗಿದ್ದು ಬಚ್ಚಲುಮನೆಯ ಬಕೆಟ್ಟು. ಅಜ್ಜಿ ಎದ್ದು ಹೋಗಿ, ನೀರಿಗೆ ನಾಲ್ಕು ಹನಿ ನೀಲಿ ಬೆರೆಸಿ, ಪಂಚೆಯನ್ನು ಅದ್ದುತ್ತಿದ್ದರು. ತಾತ ಬಾಗಿಲಲ್ಲಿ ನಿಂತು ಕೇಳಿದರು: “ನೀಲಿ ಹಾಕಿದ ಪಂಚೆಯನ್ನು ನೀಲಿ ಪಂಚೆ ಎನ್ನುತ್ತಾರೇನೇ?”

“ಯಾರೆನ್ನುತ್ತಾರೆ? ಇದು ಬೆಳ್ಳಗಾಗುವುದಕ್ಕಲ್ಲವೆ ಹಾಕುವುದು!”

ನಿಜ. ಹಳೆಯ ಬಟ್ಟೆಯ ಹಳದಿ ಛಾಯೆಯನ್ನು ನೀಲಿಯ ಛಾಯೆ ಸರಿದೂಗಿಸುತ್ತದೆ. ಕಣ್ಣಿಗೆ ಬಿಳುಪು ಇಮ್ಮಡಿಸಿದಂತೆ ತೋರುತ್ತದೆ.

“ಅವನ ಸಂತೋಷವೂ ಹಾಗೆಯೇ ಕಣೇ. ನಾವಿಲ್ಲದ ಕೊರಗು ಅದರಲ್ಲಿ ನಾಲ್ಕೇ ಹನಿ.”

ಅಜ್ಜಿ ಪಂಚೆಯನ್ನು ಹಿಂಡಿದರು; ಸೆರಗಿನಿಂದ ಕಣ್ಣೊರಸಿಕೊಂಡರು. ಬಳಿಕ ಮೆಲ್ಲನೆ ನುಡಿದರು: “ನೀಲಿ ಹೆಚ್ಚಾದರೆ ಬಟ್ಟೆ ಕೆಟ್ಟುಹೋಗುತ್ತದೆ. ಅಷ್ಟೇ ಸಾಕು, ಹೆಚ್ಚು ಬೇಡವೆಂದು ಮಗುವಿಗೆ ಬರೆಯಿರಿ.”