ಅಸಿಪುತ್ರಿ

ಬಾಲ್ಯದಲ್ಲಿ ಪಾಠಶಾಲೆಯ ಜಗುಲಿಯ ಮೇಲೆ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದಾಗ, ಚೂರಿಗೆ ಶಸ್ತ್ರೀ, ಅಸಿಪುತ್ರೀ, ಛುರಿಕಾ, ಅಸಿಧೇನುಕಾ ಎಂಬ ಹೆಸರುಗಳಿರುವುದನ್ನು ಕಲಿತೆನು. ಅವುಗಳಲ್ಲಿ ಅಸಿಪುತ್ರೀ, ಎಂದರೆ ಕತ್ತಿಯ ಮಗಳು, ಎಂಬುದು ನನಗೆ ಬಹಳ ಹಿಡಿಸಿತು. ಅಂದಿನಿಂದ ಈ ಮಗಳು ನನ್ನ ಕಿಸೆಯಲ್ಲಿಲ್ಲದ ದಿನವೇ ಅಪರೂಪ. "ಈ ವಯಸ್ಸಿನಲ್ಲಿ ಚಾಕು ಇಟ್ಟುಕೊಂಡು ತಿರುಗಿದರೆ ಕಂಡವರೇನೆಂದಾರು?" ಎಂದು ಮನೆಯವಳ ಆಕ್ಷೇಪಣೆ. 1959ರ ಆಯುಧ ಕಾಯಿದೆಯ ನಿಯಮಗಳು ಎಣಿಸುವುದು 9 ಅಂಗುಲಕ್ಕಿಂತ ಉದ್ದವಾದ, ಇಲ್ಲವೆ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು. ನನ್ನದು 3 ಅಂಗುಲವೂ ಇಲ್ಲ ಎಂದು ಸಮಾಧಾನ ಹೇಳಿದರೂ ಆಕೆ ಒಪ್ಪುವುದಿಲ್ಲ.

ಹಳೆಯ ಚೂರಿಯನ್ನು ಹುಮನಾಬಾದದ ವೀರಭದ್ರೇಶ್ವರನ ಜಾತ್ರೆಯಲ್ಲಿ ಕೊಂಡಿದ್ದೆನು. ಪೆನ್ಸಿಲು ಕೆತ್ತುವುದು, ಕಬ್ಬು ಸುಲಿಯುವುದು, ತೊಗರಿಯ ಚೀಲದ ಹೊಲಿಗೆ ಬಿಚ್ಚುವುದು, ಎಲ್ಲಕ್ಕೂ ಅದೇ. ಆದರೆ ತೆರೆದ ಅಲಗನ್ನು ತಡೆದು ನಿಲ್ಲಿಸುವ ಕೀಲು ಅದಕ್ಕಿರಲಿಲ್ಲ. ಬೆನ್ನಿನ ಕಮಾನು ಒತ್ತಿದಷ್ಟೇ ಬಿಗಿ. ಇಪ್ಪತ್ತೈದು ವರ್ಷಗಳ ಹಿಂದೆ, ಶಾಲೆಯ ಅಂಗಳದ ಬೇವಿನ ಸಸಿಗೆ ಬೇಲಿ ಕಟ್ಟುತ್ತಿದ್ದಾಗ, ಏಳನೆಯ ತರಗತಿಯ ಹುಡುಗನೊಬ್ಬನಿಗೆ ಹಗ್ಗ ಕೊಯ್ಯಲೆಂದು ಅದನ್ನು ಕೊಟ್ಟೆನು. ಅವನು ಮೊನೆಯನ್ನು ಗಂಟಿನೊಳಗೆ ಚುಚ್ಚಿ ಒತ್ತಿದನು. ಅಲಗು ಮಡಚಿಕೊಂಡು ಅವನ ತೋರುಬೆರಳಿನ ಮೇಲೆಯೇ ಬಿದ್ದಿತು. ಗಾಯವೇನೋ ಮಾಯಿತು, ಬೆರಳು ಮಾತ್ರ ಮತ್ತೆ ಬಾಗಲಿಲ್ಲ. ಅವನ ತಂದೆಯು ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆ ಹುಡುಗನು ಈಗ ಹೈದರಾಬಾದಿನ ಯಂತ್ರದ ಕಾರಖಾನೆಯೊಂದರಲ್ಲಿದ್ದಾನೆ. ಕಳೆದ ದೀಪಾವಳಿಯಲ್ಲಿ ರಾಜೇಶ್ವರದ ಹೆದ್ದಾರಿಯಲ್ಲಿ ಬಸ್ಸಿಳಿದವನು ನೆಟ್ಟಗೆ ನನ್ನ ಮನೆಗೆ ಬಂದನು. "ಗುರುಗಳೆ, ಅದನ್ನಿನ್ನು ಬಿಡ್ರಿ" ಎಂದು ಹೊಸ ಮಡಚುಚೂರಿಯೊಂದನ್ನು ಎದುರಿಗಿಟ್ಟನು.

ಇದರ ಬಂಧಕ್ಕೆ ಫ್ರೇಮ್ ಲಾಕ್ ಎಂದು ಹೆಸರು. ಹಿಡಿಯ ಎರಡು ಲೋಹದ ಪಕ್ಕಗಳಲ್ಲಿ ಒಂದನ್ನು ಉದ್ದಕ್ಕೆ ಸೀಳಿ, ನಾಲಗೆಯಂತೆ ಒಳಕ್ಕೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದೊಡನೆ ಆ ನಾಲಗೆಯು ತಾನಾಗಿ ಸರಿದು ಅದರ ಬುಡಕ್ಕೆ ಆತು ನಿಲ್ಲುವುದು. ಹಿಡಿದ ಕೈಯೇ ನಾಲಗೆಯನ್ನು ಒತ್ತುತ್ತಿರುವುದರಿಂದ ಮುಷ್ಟಿ ಬಿಗಿಯಾದಷ್ಟೂ ಬಂಧವು ಭದ್ರ. ಇದನ್ನು ಕಲ್ಪಿಸಿದವನು ದಕ್ಷಿಣ ಆಫ್ರಿಕದಿಂದ ಅಮೆರಿಕೆಯ ಐಡಾಹೊಗೆ ಹೋಗಿ ನೆಲಸಿದ ಕ್ರಿಸ್ ರೀವ್. ತನ್ನ ಚೂರಿಗೆ ಅವನಿಟ್ಟ ಹೆಸರು ಸೆಬೆಂಜಾ. ಜೂಲೂ ಭಾಷೆಯಲ್ಲಿ ಕೆಲಸವೆಂದರ್ಥವಂತೆ. ಅದರ ಹಿಡಿಯು ಟೈಟೇನಿಯಮ್ಮಿನದು, ಬೆಲೆಯು ನಮ್ಮಂಥವರ ಮಾತಲ್ಲ. ಅಗ್ಗದ ಚೂರಿಗಳಲ್ಲಿ ಹಿಡಿಯು ಸಾಮಾನ್ಯ ಉಕ್ಕಿನದು. ಅಲಗಿಗೆ ಹೆಚ್ಚಾಗಿ ನೂರಕ್ಕೆ 0.8 ಭಾಗ ಇಂಗಾಲ, ಸುಮಾರು 13 ಭಾಗ ಕ್ರೋಮಿಯಮ್ಮುಳ್ಳ ಚೀನೀ ಉಕ್ಕನ್ನು ಬಳಸುತ್ತಾರೆ. ಹರಿತವು ಬೇಗ ಹೋಗುತ್ತದೆ. ಆದರೆ ಸಾಣೆಕಲ್ಲಿನ ಮೇಲೆ ಬೇಗನೆ ಮರಳಿಯೂ ಬರುತ್ತದೆ. ಹಳ್ಳಿಯವನಿಗೆ ಇಷ್ಟು ಸಾಲದೆ? ಉಕ್ಕಿಗೂ ನಾವು ಪರದೇಶದ ಮುಖ ನೋಡಬೇಕಾಯಿತಲ್ಲಾ ಎನಿಸಿದ್ದು ಮಾತ್ರ ನಿಜ. ನೆರೆಯ ತೆಲಂಗಾಣದ ಕೋನಸಮುದ್ರದ ಉಕ್ಕನ್ನು ಕೊಳ್ಳಲು ಒಂದು ಕಾಲಕ್ಕೆ ಪಾರಸೀಕ ವರ್ತಕರು ಬರುತ್ತಿದ್ದರು. ವೂಟ್ಜ್ ಎಂಬ ಶಬ್ದವು ನಮ್ಮ 'ಉಕ್ಕಿ'ನಿಂದಲೇ ಹುಟ್ಟಿತೆಂಬುದು ಹಲವು ವಿದ್ವಾಂಸರ ಮತ.

ದೋಷವೂ ಉಂಟು. ಮುಚ್ಚುವಾಗ ಹೆಬ್ಬೆರಳಿನಿಂದ ನಾಲಗೆಯನ್ನು ಪಕ್ಕಕ್ಕೆ ತಳ್ಳಬೇಕು. ಆಗ ಆ ಬೆರಳು ಅಲಗಿನ ದಾರಿಯಲ್ಲಿಯೇ ಇರುತ್ತದೆ. ನನ್ನ ಮುದಿ ಬೆರಳಿಗೆ ನಾಲಗೆಯು ಬಹಳ ಬಿಗಿಯೆನಿಸಿತು. ಎರಡು ಸಲ ತಪ್ಪಿದೆನು. ಆಗ ಶಿಷ್ಯನು ಚೂರಿಯನ್ನು ತೆಗೆದುಕೊಂಡು, ನಾಲಗೆ ತಳ್ಳುವುದನ್ನೂ, ಅಲಗು ಸ್ವಲ್ಪ ಸರಿದ ಕೂಡಲೆ ಹೆಬ್ಬೆರಳನ್ನು ತೆಗೆದುಬಿಡುವುದನ್ನೂ ಮೆಲ್ಲಗೆ ತೋರಿಸಿದನು. ಅವನ ತೋರುಬೆರಳು ಬಾಗದೆ ಅಲಗಿನಿಂದ ದೂರವೇ ನಿಂತಿತ್ತು. ನಾನು ಅದನ್ನು ನೋಡುತ್ತಿರುವುದನ್ನು ಅವನೂ ಕಂಡನು.

"ಈಗ ನೀವು ಮಾಡ್ರಿ" ಎಂದನು.

ಮೂರನೆಯ ಸಲಕ್ಕೆ ಸರಿಯಾಯಿತು. ಬಳಿಕ ನಾನು ಪೆಟ್ಟಿಗೆಯಿಂದ ಹಳೆಯ ಚೂರಿಯನ್ನು ತಂದು ಅವನ ಮುಂದಿಟ್ಟೆನು. ಅವನು ಅದನ್ನು ತೆರೆಯದೆ ತನ್ನ ಕಿಸೆಗೆ ಹಾಕಿಕೊಂಡು, ಚಹ ಕುಡಿದು, ಸಂಜೆಯ ಬಸ್ಸಿಗೆ ಹೊರಟನು.