ಬಸ್ಸು ಬದಲಿಸುವ ಊರು

ಚನ್ನರಾಯಪಟ್ಟಣದ ಹೆಸರನ್ನು ಕೇಳದ ಪ್ರವಾಸಿಗನಿಲ್ಲ. ಚನ್ನರಾಯಪಟ್ಟಣವನ್ನು ನೋಡಿದೆನೆಂದು ಹೇಳುವ ಪ್ರವಾಸಿಗ ಮಾತ್ರ ಅಪರೂಪ. ಬೆಂಗಳೂರಿನಿಂದ ಮಂಗಳೂರಿನತ್ತ ಹೋಗುವ ಹೆದ್ದಾರಿಯಲ್ಲಿ ಸುಮಾರು 145 ಕಿಲೋಮೀಟರು ಸಾಗಿದ ಮೇಲೆ, ತೆಂಗಿನ ತೋಟಗಳ ನಡುವೆ ಈ ಊರು ಎದುರಾಗುತ್ತದೆ. ಶ್ರವಣಬೆಳಗೊಳಕ್ಕೆ ಹೋಗುವವರು ಇಲ್ಲಿ ಬಸ್ಸು ಬದಲಿಸುತ್ತಾರೆ. ಹಾಸನ, ಬೇಲೂರುಗಳ ಕಡೆಗೆ ಹೋಗುವವರು ಇಲ್ಲಿ ಇಳಿದು ಕಾಫಿ ಕುಡಿದು, ಗಡಿಯಾರ ನೋಡಿಕೊಂಡು, ಮತ್ತೆ ಬಸ್ಸು ಹತ್ತುತ್ತಾರೆ.

ಗದಗಿನ ಕಡೆಯ ನಿವೃತ್ತ ಮಾಸ್ತರರೊಬ್ಬರ ಟಿಪ್ಪಣಿ ಪುಸ್ತಕದಲ್ಲಿಯೂ ಈ ಊರಿನ ಪಾಲಿಗೆ ದೊರೆತಿದ್ದುದು ಎರಡೇ ಮಾತು: ‘ರಾತ್ರಿ ತಂಗುವುದು.’

ಗಂಡಹೆಂಡಿರಿಬ್ಬರದೇ ನಾಲ್ಕು ದಿನಗಳ ಪ್ರವಾಸ. ಪ್ರವಾಸ ಸಂಸ್ಥೆಗಳ ಹಂಗೂ ಬೇಡ, ಗೈಡಿನ ಗೊಡವೆಯೂ ಬೇಡವೆಂದು ನಿಶ್ಚಯಿಸಿ, ಮಾಸ್ತರರು ಒಂದು ತಿಂಗಳು ಕುಳಿತು ತಾವೇ ವೇಳಾಪಟ್ಟಿಯನ್ನು ಸಿದ್ಧಪಡಿಸಿದ್ದರು. ಮೊದಲ ಸಂಜೆ ಚನ್ನರಾಯಪಟ್ಟಣ. ಎರಡನೆಯ ದಿನ ಬೆಳಗ್ಗೆ ಶ್ರವಣಬೆಳಗೊಳ, ಸಂಜೆಯ ಹೊತ್ತಿಗೆ ಹಾಸನ. ಮೂರನೆಯ ದಿನ ಬೇಲೂರು, ಹಳೇಬೀಡು. ನಾಲ್ಕನೆಯ ದಿನ ಮರುಪ್ರಯಾಣ. ಮೂವತ್ತು ವರುಷ ಶಾಲೆಯ ಗಂಟೆಗೆ ಕಿವಿಗೊಟ್ಟು ಬಾಳಿದವರು ಬರೆದ ಪಟ್ಟಿ ಅದು. ಅದರಲ್ಲಿ ಹತ್ತು ನಿಮಿಷದ ಸಂದು ಕೂಡ ಇರಲಿಲ್ಲ.

ಅವರು ಬೆಂಗಳೂರಿನಿಂದ ಬಂದುದು ರೈಲಿನಲ್ಲಿ. ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ನೇರವಾಗಿ ರೈಲು ಓಡತೊಡಗಿದ್ದು 2017ರ ಮಾರ್ಚಿಯಲ್ಲಿ. ಅದಕ್ಕೆ ಮುಂಚೆ ಅರಸೀಕೆರೆಯನ್ನೋ ಮೈಸೂರನ್ನೋ ಬಳಸಿ ಹೋಗಬೇಕಾಗಿತ್ತು. ಚನ್ನರಾಯಪಟ್ಟಣದ ನಿಲ್ದಾಣದಲ್ಲಿ ಇಳಿಯುವಾಗ ಮಾಸ್ತರರ ಮಡದಿ ಬೋಗಿಯ ಕಂಬಿ ಹಿಡಿದು ಒಂದು ಕ್ಷಣ ನಿಂತರು. ಊರೊಳಗಿನ ವಸತಿಗೃಹದಲ್ಲಿ ಕೋಣೆ ಸಿಕ್ಕಿದ್ದು ಎರಡನೆಯ ಅಂತಸ್ತಿನಲ್ಲಿ. ಆ ಮೆಟ್ಟಿಲುಗಳ ಮೇಲೆ ಆಕೆ ಎರಡು ಸಲ ನಿಂತರು. ಮಾಸ್ತರರು ಇದನ್ನು ಕಂಡರು. ಆದರೆ ಅವರ ಗಮನವೆಲ್ಲ ಮರುದಿನದ ಮೊದಲ ಬಸ್ಸಿನ ಮೇಲಿತ್ತು.

ಹೊಸ ಊರಿನಲ್ಲಿ ಮೊದಲ ಒಂದು ಗಂಟೆ ಎಲ್ಲರೂ ಮಕ್ಕಳೇ. ಯಾವ ಕಡೆ ಪೂರ್ವ, ಯಾವ ಹೋಟೆಲಿನಲ್ಲಿ ಊಟ ಚೆನ್ನ, ಆಟೋದವನು ಹೇಳಿದ ಬಾಡಿಗೆ ನ್ಯಾಯವೋ ಅನ್ಯಾಯವೋ—ಒಂದೂ ತಿಳಿಯದು. ಇಟಲಿಯ ಫ್ಲಾರೆನ್ಸಿನಲ್ಲಿ ಇಳಿಯುವವನಿಗೆ ಪ್ರಧಾನ ರೈಲು ನಿಲ್ದಾಣವೇ ಎದುರಿನ ಸಾಂತಾ ಮರಿಯಾ ನೊವೆಲ್ಲಾ ಇಗರ್ಜಿಯ ಹೆಸರನ್ನು ಹೊತ್ತು ಊರಿನ ಮೊದಲ ಪಾಠವನ್ನು ಹೇಳಿಬಿಡುತ್ತದೆ. ಚನ್ನರಾಯಪಟ್ಟಣಕ್ಕೆ ಅಂಥ ಆತುರವಿಲ್ಲ. ಕೇಳಿದವರಿಗೆ ಮಾತ್ರ ತನ್ನ ಕಥೆಯನ್ನು ಹೇಳುತ್ತದೆ.

ಮೈಸೂರಿನ ಹಳೆಯ ಗ್ಯಾಸೆಟಿಯರಿನ ಪ್ರಕಾರ ಈ ಊರಿನ ಮೊದಲ ಹೆಸರು ಕೊಳತೂರು. ಆಗ ಇದೊಂದು ಅಗ್ರಹಾರ. 1600ರ ಸುಮಾರಿನಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪನಾಯಕ ಇದನ್ನು ವಶಪಡಿಸಿಕೊಂಡು ಮಗ ಚನ್ನರಾಯನಿಗೆ ಕೊಟ್ಟ. ಮಗನ ಹೆಸರಾದರೋ ಚನ್ನರಾಯಸ್ವಾಮಿಯೆಂಬ ವಿಷ್ಣುವಿನದು. ಮುಂದೆ ಹೈದರಾಲಿ ಮರಾಠರ ದಾಳಿಗಳಿಗೆ ಅಡ್ಡವಾಗಿ ಇಲ್ಲಿಯ ಕೋಟೆಯನ್ನು ಬಲಪಡಿಸಿದ. ಒಂದು ಕಾಲಕ್ಕೆ ದಂಡುಗಳನ್ನೇ ತಡೆದು ನಿಲ್ಲಿಸಬೇಕಾಗಿದ್ದ ಊರು, ಇಂದು ಯಾರನ್ನೂ ತಡೆಯದೆ ಎಲ್ಲರನ್ನೂ ಮುಂದಕ್ಕೆ ಕಳುಹಿಸಿಕೊಡುತ್ತಿದೆ.

ಸಂಜೆ ಹೋಟೆಲಿನಲ್ಲಿ ದೋಸೆಯ ಮುಂದೆ ಕುಳಿತಿದ್ದಾಗ ಆಕೆ ಕೇಳಿದರು: “ಬೆಳಗೊಳದ ಬೆಟ್ಟಕ್ಕೆ ಎಷ್ಟು ಮೆಟ್ಟಿಲು?”

ಮಾಸ್ತರರು ಬಾಯಿ ತೆರೆಯುವುದರೊಳಗಾಗಿ ಅದೇ ಮೇಜಿನಲ್ಲಿ ಕುಳಿತಿದ್ದ ಊರಿನ ಹಿರಿಯರೊಬ್ಬರು ಉತ್ತರ ಕೊಟ್ಟರು. “650ರ ಹತ್ತಿರ ಇವೆ, ತಾಯಿ. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಬೇಗ ಹತ್ತಿಬಿಡಿ. ಆಗದವರಿಗೆ ಡೋಲಿಯೂ ಉಂಟು.”

“ಇನ್ನೊಬ್ಬರ ಹೆಗಲೇರಿ ಗೊಮ್ಮಟನನ್ನು ನೋಡಲು ನನಗೆ ಮನಸ್ಸಾಗದು,” ಎಂದರು ಆಕೆ ಮೆಲ್ಲಗೆ.

“ಹಾಗಾದರೆ ನುಗ್ಗೇಹಳ್ಳಿಯನ್ನಾದರೂ ನೋಡಿಬನ್ನಿ. ತಿಪಟೂರಿನ ಬಸ್ಸು, ಅರ್ಧ ಗಂಟೆಯ ದಾರಿ. ಏರುವ ಕಷ್ಟವಿಲ್ಲ.”

ನುಗ್ಗೇಹಳ್ಳಿ ಪಟ್ಟಿಯಲ್ಲಿಲ್ಲವೆಂದು ಮಾಸ್ತರರು ವಿನಯದಿಂದಲೇ ತಿಳಿಸಿದರು. ಹಿರಿಯರು ನಕ್ಕು ಕೈತೊಳೆಯಲು ಎದ್ದುಹೋದರು.

ಆ ರಾತ್ರಿ ಮಡದಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, “ನಾಳೆ ನೀವು ಹತ್ತಿಬನ್ನಿ, ನಾನು ಕೊಳದ ಬಳಿ ಕುಳಿತಿರುತ್ತೇನೆ,” ಎಂದು ಹೇಳಿ ಮಲಗಿದರು. ಮಾತಿನಲ್ಲಿ ದೂರು ಇರಲಿಲ್ಲ. ದೂರು ಇಲ್ಲದಿದ್ದುದೇ ಮಾಸ್ತರರ ನಿದ್ದೆಗೆ ಮುಳುವಾಯಿತು. ಅವರು ದೀಪ ಹಾಕಿ ಪಟ್ಟಿಯನ್ನು ಮತ್ತೊಮ್ಮೆ ಓದಿದರು. ಬೆಟ್ಟ, ನಿಲ್ದಾಣ, ಓಡಿ ಹಿಡಿಯಬೇಕಾದ ಬಸ್ಸು. ಇಬ್ಬರಿಗಾಗಿ ಬರೆದ ಆ ಪಟ್ಟಿಯಲ್ಲಿ ನಡೆದಿದ್ದುದು ಒಂದೇ ಜೊತೆ ಕಾಲು.

ಹಣ ಕಟ್ಟಿ ಗುಂಪಿನೊಡನೆ ಹೋದ ಪ್ರವಾಸದಲ್ಲಿ ಬಸ್ಸು ಯಾರ ಮೊಣಕಾಲಿಗೂ ಕಾಯದು. ತಾನೇ ಬರೆದುಕೊಂಡ ಪಟ್ಟಿಯನ್ನಾದರೆ ತಾನೇ ಹೊಡೆದುಹಾಕಬಹುದು. ಆದರೂ ಮಾಸ್ತರರಿಗೆ ಅದು ಸುಲಭವಾಗಲಿಲ್ಲ. ಬೇಲೂರು, ಹಳೇಬೀಡುಗಳು ಸೋಮನಾಥಪುರದೊಡನೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಥಳಗಳು. ಅವನ್ನು ಬಿಟ್ಟು ಆ ಪಟ್ಟಿಯಲ್ಲಿಲ್ಲದ ಹಳ್ಳಿಯೊಂದನ್ನು ನೋಡಿಬಂದೆವೆಂದರೆ ಊರಿನ ಗೆಳೆಯರು ನಗದಿರುವರೆ? ಬಹಳ ಹೊತ್ತಿನ ಮೇಲೆ ಅವರು ಪೆನ್ನು ತೆಗೆದರು.

ಬೆಳಗ್ಗೆ ತಿಪಟೂರಿನ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಸೊನ್ನೆ ರೂಪಾಯಿನ ಟಿಕೆಟು ದೊರೆಯಿತು. 2023ರ ಜೂನಿನಿಂದ ರಾಜ್ಯದ ಹೆಂಗಸರಿಗೆ ಇಂಥ ಬಸ್ಸುಗಳಲ್ಲಿ ಪ್ರಯಾಣ ಉಚಿತವಷ್ಟೆ. ಎಲ್ಲಿಗೆಂದು ಆಕೆ ಕೇಳಲಿಲ್ಲ. ಬಸ್ಸಿನ ಫಲಕವನ್ನು ಓದಿಯಾಗಿತ್ತು.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಹೊಯ್ಸಳ ವೀರಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ. ಮೂರು ಗರ್ಭಗುಡಿಗಳಲ್ಲಿ ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹರು ನೆಲೆಸಿದ್ದಾರೆ. ಅರ್ಚಕರು ಬರುವವರೆಗೂ ಇಬ್ಬರೂ ಹೊರಗೋಡೆಯ ಸುತ್ತ ನಡೆದರು. ಬುಡದಲ್ಲಿ ಆನೆಗಳ ಸಾಲು. ಅದರ ಮೇಲೆ ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ. ಅವುಗಳ ಮೇಲೆ ದೇವತೆಗಳ ದೊಡ್ಡ ವಿಗ್ರಹಗಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಅದರಿಂದಲೇ ಒಡವೆಯ ಒಂದೊಂದು ಮಣಿಯೂ ಉಳಿದುಬಂದಿದೆ. ಇಲ್ಲಿ ಬೆಟ್ಟ ಹತ್ತಿ ತಲೆಯೆತ್ತಿ ನೋಡಬೇಕಾದುದೇನೂ ಇಲ್ಲ. ಆಕೆ ಮನಸ್ಸು ಬಂದಲ್ಲಿ ನಿಂತರು, ಕಾಲು ನೊಂದಾಗ ಕಟ್ಟೆಯ ಮೇಲೆ ಕುಳಿತರು.

ಕಡೆದುದರ ಕೆಳಗೆ ಹೆಸರು ಕೊರೆಯುವುದು ಹೊಯ್ಸಳ ಶಿಲ್ಪಿಗಳ ವಾಡಿಕೆ. ಇಲ್ಲಿ ದಕ್ಷಿಣದ ಗೋಡೆ ನಂದಿಯ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಈ ಮಲ್ಲಿತಮ್ಮನೇ ಮುಂದೆ ಸೋಮನಾಥಪುರದಲ್ಲಿಯೂ ಕೆಲಸಮಾಡಿದವನು. ವಿಶ್ವದ ಪಟ್ಟಿ ಸೇರಿದ ಕೈಯೇ ಇಲ್ಲಿಯೂ ಆಡಿದೆಯೆಂದು ತಿಳಿದಾಗ ಮಾಸ್ತರರಿಗೆ ಅರ್ಧ ಸಮಾಧಾನವಾಯಿತು. ಅವರು ಇಸವಿಯನ್ನೂ ಹೆಸರುಗಳನ್ನೂ ಚೊಕ್ಕವಾಗಿ ಬರೆದುಕೊಂಡರು.

“ಇಬ್ಬರಲ್ಲಿ ನಿಮಗೆ ಯಾರ ಕೈ ಹಿಡಿಸಿತು?” ಎಂದು ಮಡದಿ ಕೇಳಿದರು.

ಮಾಸ್ತರರು ತಬ್ಬಿಬ್ಬಾದರು. ಬರೆದುಕೊಂಡಿದ್ದರೇ ಹೊರತು ಹಾಗೆ ನೋಡಿರಲಿಲ್ಲ. ಪುಸ್ತಕವನ್ನು ಜೇಬಿಗೆ ಸೇರಿಸಿ, ದಕ್ಷಿಣದ ಗೋಡೆಯಿಂದ ಮೊದಲುಮಾಡಿ ಇನ್ನೊಂದು ಸುತ್ತು ಹೊರಟರು. ಈ ಸಲ ತೋರಿಸುತ್ತ ಮುಂದೆ ನಡೆದವರು ಆಕೆ. ಬಳಿಯ ಸದಾಶಿವನ ಗುಡಿಯನ್ನೂ ನೋಡಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು.

ಅಂದು ಸಂಜೆ ಅವರು ಎರಡನೆಯ ಬಾರಿ ಚನ್ನರಾಯಪಟ್ಟಣಕ್ಕೆ ಬಂದಿಳಿದರು. ಈಗ ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ವಸತಿಗೃಹದವರನ್ನು ಕೇಳಿ ಕೋಣೆಯನ್ನು ನೆಲದಂತಸ್ತಿಗೆ ಬದಲಾಯಿಸಿಕೊಂಡರು. ಮರುದಿನದ ಏರ್ಪಾಡೂ ಆಯಿತು. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟನನ್ನು ನೋಡಲು ಮಾಸ್ತರರು ಬಿಸಿಲಿಗೆ ಮುಂಚೆ ಬೆಟ್ಟ ಹತ್ತುವುದು. ಅಷ್ಟರಲ್ಲಿ ಆಕೆ ಊರೊಳಗಿನ ಅಕ್ಕನ ಬಸದಿಯನ್ನು ನೋಡುವುದು. 1181ರಲ್ಲಿ, ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ ಕಟ್ಟಿಸಿದ ಬಸದಿ ಅದು. ಕೆಳಗಿಳಿದು ಬಂದ ಮೇಲೆ ಅದನ್ನು ಮಾಸ್ತರರಿಗೆ ತೋರಿಸುವ ಭಾರವೂ ಆಕೆಯದೇ. ಬೇಲೂರು, ಹಳೇಬೀಡುಗಳು ಮುಂದಿನ ರಜೆಗೆ ಉಳಿದವು.

ಹೋಟೆಲಿನ ಹುಡುಗ ಕೇಳದೆಯೇ ಎರಡು ಲೋಟ ಕಾಫಿ ತಂದಿಟ್ಟ. ಹಿಂದಿನ ದಿನ ಹೇಳಿದ್ದುದನ್ನು ನೆನಪಿಟ್ಟುಕೊಂಡು, ಒಂದಕ್ಕೆ ಸಕ್ಕರೆ ಹಾಕಿರಲಿಲ್ಲ.