ಬಯಲುನಾಡಿನ ಬೆಟ್ಟಗಳು

ಡೆನ್ಮಾರ್ಕಿನಲ್ಲಿ ಬೆಟ್ಟವೇ ಇಲ್ಲವೆಂದು ಯಾರಾದರೂ ಹೇಳಿದರೆ ಅಲ್ಲಿಯ ಜನ ಮೃದುವಾಗಿಯೇ ಪ್ರತಿಭಟಿಸುತ್ತಾರೆ. ಅವರಿಗೂ ಒಂದು ಬೆಟ್ಟವುಂಟು. ಅದರ ಹೆಸರು ಹಿಮ್ಮೆಲ್‌ಬ್ಯೆರ್ಗೆಟ್, ಎಂದರೆ ಗಗನಗಿರಿ. ಹೆಸರು ಕೇಳಿ ತಲೆಯೆತ್ತುವ ಪ್ರವಾಸಿಗೆ ತಲೆಯನ್ನು ಬಹಳ ಎತ್ತುವ ಪ್ರಮೇಯ ಬರುವುದಿಲ್ಲ. ಸಮುದ್ರಮಟ್ಟದಿಂದ ಅದರ ಎತ್ತರ 147 ಮೀಟರು. ನಮ್ಮ ಶ್ರವಣಬೆಳಗೊಳದ ದೊಡ್ಡಬೆಟ್ಟ ಸುತ್ತಲ ಬಯಲಿನಿಂದ ಎಷ್ಟು ಮೇಲೆದ್ದಿದೆಯೋ ಹೆಚ್ಚುಕಡಮೆ ಅಷ್ಟು. ಇಡೀ ದೇಶದ ಅತ್ಯುನ್ನತ ನೆಲೆಯೆನಿಸಿದ ಮೊಲ್ಲೆಹೊಯ್ ಎಂಬ ದಿಬ್ಬ ಕೂಡ 171 ಮೀಟರಿಗೆ ಅರ್ಧ ಗೇಣಿನಷ್ಟು ಕಡಮೆ. ಇಂಥ ಚಪ್ಪಟೆ ನಾಡಿನಲ್ಲಿ ಈ ವರ್ಷದ ಬೇಸಿಗೆ ರಜೆಯಲ್ಲಿ ನಾನು ನೋಡಿಬಂದ ಬೆಟ್ಟಗಳನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಆ ಬೆಟ್ಟಗಳಲ್ಲಿ ಝರಿಯಿದೆ, ಗುಹೆಯಿದೆ, ಗುಹೆಯೊಳಗೆ ಬೆಂಕಿಯುಗುಳುವ ಸರ್ಪವಿದೆ, ನೆತ್ತಿಯ ಮೇಲೆ ಕೋಟೆಯಿದೆ. ಇಡೀ ರಾಜ್ಯದ ಅಗಲ ಒಂದು ಮೀಟರು.

ನಮ್ಮ ಅಕ್ಕ ಭಾವ ಜಟ್‌ಲೆಂಡ್ ಪ್ರಾಂತದ ವೈಲೆ ಎಂಬ ಊರಿನಲ್ಲಿ ಏಳು ವರ್ಷದಿಂದ ವಾಸವಾಗಿದ್ದರು. ಭಾವನಿಗೆ ಗಾಳಿಯಂತ್ರಗಳ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ. ಆಗಸ್ಟ್ ತಿಂಗಳಲ್ಲಿ ಅವರು ಸಂಸಾರಸಮೇತ ಮೈಸೂರಿಗೆ ಮರಳುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಒಮ್ಮೆ ಬಂದು ಹೋಗು ಎಂದು ಅಕ್ಕ ಬರೆದಳು, ಹೋದೆ. ವೈಲೆಯಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಹೊರಟರೆ ಒಂದು ಗಂಟೆಯೊಳಗಾಗಿ ಬಿಲ್ಲುಂಡ್ ಎಂಬ ಸಣ್ಣ ಊರು ಸಿಗುತ್ತದೆ. ಮೇ ತಿಂಗಳಾದ್ದರಿಂದ ದಾರಿಯ ಎರಡು ಕಡೆಯೂ ಸಾಸಿವೆಯಂತೆ ಕಾಣುವ ಎಣ್ಣೆಪೈರಿನ ಹಳದಿ ಹೂವು. ನೋಟ ಹರಿದಷ್ಟು ದೂರವೂ ನೆಲ ಸಮತಟ್ಟು. ಹಿಂದೆ ಇದೆಲ್ಲ ಮರಳು ಮಿಶ್ರಿತವಾದ ಬಡ ಕುರುಚಲು ಭೂಮಿಯಾಗಿತ್ತಂತೆ. ಬಿಲ್ಲುಂಡ್‌ನಲ್ಲಿ ಇಂದಿಗೂ ಏಳು ಸಾವಿರದ ಆಸುಪಾಸು ಜನ. ಆದರೂ ಆ ಊರಿಗೆ ದೊಡ್ಡದೊಂದು ವಿಮಾನ ನಿಲ್ದಾಣವಿದೆ. ಕಾರಣ, ಒಂದು ಆಟದ ಸಾಮಾನು.

ಓಲೆ ಕಿರ್ಕ್ ಕ್ರಿಶ್ಚಿಯನ್‌ಸೆನ್ ಎಂಬ ಬಡಗಿ 1916ರಲ್ಲಿ ಇಲ್ಲಿಗೆ ಬಂದು ಒಂದು ಮರಗೆಲಸದ ಕಾರ್ಖಾನೆಯನ್ನು ಕೊಂಡ. ಬಾಗಿಲು, ಕಿಟಕಿ, ಮೇಜು ಮಾಡಿ ಬದುಕುತ್ತಿದ್ದವನಿಗೆ ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸ ಕೊಡುವವರೇ ಇಲ್ಲವಾದರು. 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದ. ಎರಡು ವರ್ಷಗಳ ಮೇಲೆ ಡೇನಿಷ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ‘ಲೈ ಗಾಟ್’ ಎರಡು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ‘ಲೆಗೋ’ ಎಂದು ಹೆಸರಿಟ್ಟ. 1942ರಲ್ಲಿ ಕಾರ್ಖಾನೆ ಸುಟ್ಟುಹೋಯಿತು, ಮತ್ತೆ ಕಟ್ಟಿದ. 1946ರಲ್ಲಿ ಪ್ಲಾಸ್ಟಿಕ್ ಎರಕದ ಯಂತ್ರವೊಂದನ್ನು ತರಿಸಿ 1949ರಿಂದ ಸಣ್ಣ ಸಣ್ಣ ಆಟದ ಇಟ್ಟಿಗೆಗಳನ್ನು ಮಾಡಿದ. ನ್ಯಾಯವಾಗಿ ಹೇಳಬೇಕೆಂದರೆ ಆ ಇಟ್ಟಿಗೆಯ ಕಲ್ಪನೆ ಹಿಲರಿ ಫಿಶರ್ ಪೇಜ್ ಎಂಬ ಇಂಗ್ಲಿಷಿನವನದು. ಆ ಮೊದಲ ಇಟ್ಟಿಗೆಗಳ ಒಳಗೆ ಟೊಳ್ಳು. ಒಂದರ ಮೇಲೊಂದು ಕೂರುತ್ತಿದ್ದವು, ಕಚ್ಚಿಕೊಳ್ಳುತ್ತಿರಲಿಲ್ಲ. ಒಳಗೆ ಕೊಳವೆಗಳನ್ನಿಟ್ಟು, ಕೆಳಗಿನ ಇಟ್ಟಿಗೆಯ ಗುಬುಟುಗಳು ಆ ಕೊಳವೆಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುವಂತೆ ಮಾಡಿದ್ದು 1958ರ ಜನವರಿಯಲ್ಲಿ. ಅದೇ ವರ್ಷ ಆ ಮುದುಕ ತೀರಿಕೊಂಡ. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಗೂ ಹೊಂದಿಕೊಳ್ಳುತ್ತದೆಯೆಂಬುದು ಆ ಊರಿನವರು ಹೆಮ್ಮೆಯಿಂದ ಹೇಳುವ ಮಾತು. ಎರಡು ಸಾಲು ನಾಲ್ಕು ಗುಬುಟುಗಳ ಆರೇ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದೆಂದು ಕೋಪನ್‌ಹೇಗನ್ನಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದ್ದಾರೆ: 91,51,03,765. ನಮ್ಮ ಛಂದಸ್ಸಿನ ಪ್ರಸ್ತಾರ ಬರೆದು ದಣಿದವರಿಗೆ ಈ ಸಂಖ್ಯೆ ನೋಡಿ ಅಷ್ಟೇನೂ ಆಶ್ಚರ್ಯವಾಗಲಾರದು.

1968ರಲ್ಲಿ ತೆರೆದ ಲೆಗೋಲೆಂಡ್ ಎಂಬ ಆಟದ ತೋಟವನ್ನೂ, 2017ರಲ್ಲಿ ಕಟ್ಟಿದ ಲೆಗೋ ಭವನವನ್ನೂ ನಾನು ಒಂದೇ ದಿನದಲ್ಲಿ ಸುತ್ತಿಬಂದೆ. ತೋಟದಲ್ಲಿ ನಿಜವಾದ ಊರುಗಳು, ಬಂದರುಗಳು, ಚರ್ಚುಗಳು ಇಪ್ಪತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ನಿಂತಿವೆ. ಅವುಗಳಿಗೆ ಮೊದಲು ರೂಪು ಕೊಟ್ಟವರು ದಾಗ್ನಿ ಹೋಲ್ಮ್ ಎಂಬ ಶಿಲ್ಪಿ. ಭವನದ ನಡುವೆ ಅರವತ್ತಮೂರು ಲಕ್ಷ ಇಟ್ಟಿಗೆಗಳ ಒಂದು ಮರ ಹದಿನೈದು ಮೀಟರು ಎತ್ತರ ಬೆಳೆದಿದೆ. ನೋಡತಕ್ಕ ವಸ್ತುಗಳೇ, ಸಂದೇಹವಿಲ್ಲ. ಆದರೆ ಅತಿ ದೊಡ್ಡದನ್ನು ಕಂಡಾಗ ‘ಎಷ್ಟು?’ ಎಂದು ಕೇಳಿ ಮನಸ್ಸು ತಣಿದುಬಿಡುತ್ತದೆ, ‘ಹೇಗೆ?’ ಎಂಬ ಪ್ರಶ್ನೆ ಏಳುವುದಿಲ್ಲ. ಆ ಪ್ರಶ್ನೆ ನನ್ನಲ್ಲಿ ಎದ್ದದ್ದು ವೈಲೆಗೆ ಮರಳಿ, ಅಕ್ಕನ ಮಗಳ ಕೋಣೆಯ ಬಾಗಿಲಲ್ಲಿ ನಿಂತಾಗ.

ಹುಡುಗಿಗೆ ಹದಿಮೂರು ವರ್ಷ. ಕೋಣೆಯ ನೆಲದಲ್ಲಿ, ನಾಲ್ಕು ನಾಲ್ಕರ ಚೌಕವಾಗಿ ಹದಿನಾರು ಹಲಗೆಗಳ ಮೇಲೆ, ಅವಳು ಎರಡು ಚಳಿಗಾಲ ಕೂತು ಒಂದು ದೇಶವನ್ನು ಕಟ್ಟಿದ್ದಳು. ಹಲಗೆಯೊಂದಕ್ಕೆ ಮೂವತ್ತೆರಡು ಗುಬುಟು, ಎಂದರೆ ಗೇಣಿಗಿಂತ ತುಸು ಹೆಚ್ಚು. ಆ ದೇಶಕ್ಕೆ ಹೆಸರಿರಲಿಲ್ಲ. ಕಾಲ ಮಾತ್ರ ಯೂರೋಪಿನ ಮಧ್ಯಯುಗವೆಂದು ಸ್ಪಷ್ಟವಾಗಿ ತೋರುತ್ತಿತ್ತು. ವಾಯವ್ಯದ ಮೂಲೆಯಲ್ಲಿ ಕಡಿದಾದ ಬೂದುಬಣ್ಣದ ಬೆಟ್ಟ. ಅದರ ಮಗ್ಗುಲಿಂದ ಇಳಿದ ಝರಿ ಎರಡು ಸಲ ಬಳುಕಿ ನದಿಯಾಗಿ ಒಂದು ಗಿರಣಿಯ ಚಕ್ರವನ್ನು ಮುಟ್ಟಿ ಮುಂದೆ ಹೋಗುತ್ತದೆ. ಗಿರಣಿಯಾಚೆ ಹುಲ್ಲು ಹೊದಿಸಿದ ಏಳೆಂಟು ಮನೆಗಳು, ಒಂದು ಸಂತೆಕಟ್ಟೆ, ಕಮ್ಮಾರಸಾಲೆ. ದಕ್ಷಿಣಕ್ಕೆ ದಟ್ಟವಾದ ಕಾಡು. ಕೋಟೆ ಬೆಟ್ಟದ ಮೇಲಿತ್ತು. ಆದರೆ ನಾನೆಣಿಸಿದ್ದಕ್ಕಿಂತ ಬಹಳ ಚಿಕ್ಕದು.

“ಇದೇನಮ್ಮ, ರಾಜನಿಗೆ ಇಷ್ಟು ಸಣ್ಣ ಕೋಟೆ ಕೊಟ್ಟಿದ್ದೀಯೆ!” ಎಂದೆ.

“ಕೋಟೆ ಕಟ್ಟೋದು ಸುಲಭ, ಮಾಮ. ಕೋಟೆಯವರಿಗೆ ಕುಡಿಯೋ ನೀರು ಎಲ್ಲಿಂದ ಬರುತ್ತೆ, ಹಿಟ್ಟು ಯಾರು ಬೀಸಿ ಕೊಡ್ತಾರೆ, ಅದು ಮೊದಲು ಗೊತ್ತಾಗ್ಬೇಕು. ಈ ಊರಿಗೆ ಇಷ್ಟೇ ಕೋಟೆ ಸಾಕೋದಕ್ಕಾಗೋದು,” ಎಂದಳು.

ಅಷ್ಟಾದಶ ವರ್ಣನೆಗಳನ್ನು ತರಗತಿಯಲ್ಲಿ ಪಾಠ ಹೇಳುವ ನನಗೆ ಈ ಮಾತು ಒಡನೆ ಹಿಡಿಸಿತು. ಸಮುದ್ರ, ಪರ್ವತ, ನಗರ, ಋತು, ಉದ್ಯಾನವೆಂದು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ಲಾಕ್ಷಣಿಕರು ವಿಧಿಸಿದ್ದಾರಷ್ಟೆ. ವಿದ್ಯಾರ್ಥಿಗಳು ಅದನ್ನು ದಿನಸಿ ಅಂಗಡಿಯ ಪಟ್ಟಿಯಂತೆ ಒಪ್ಪಿಸುತ್ತಾರೆ. ನಾಯಕನು ಯುದ್ಧಕ್ಕೆ ಹೊರಡುವ ಮುನ್ನ ಅವನ ಕಾಲಡಿಗೆ ನೆಲ, ಕಣ್ಣಿಗೆ ದಿಗಂತ ಬೇಕೆಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಆ ಹಲಗೆಗಳ ಮುಂದೆ ಮಂಡಿಯೂರಿ ಕುಳಿತರೆ ತಿಳಿಯುತ್ತದೆ.

ಕೋಟೆಯನ್ನು ಕಟ್ಟುವುದು ಸುಲಭವೆಂದು ಅವಳು ಏಕೆ ಹೇಳಿದಳೆಂಬುದಕ್ಕೂ ಕಾರಣವಿದೆ. ಇಟ್ಟಿಗೆ ಚೌಕ, ಗೋಡೆ ನೇರ, ಎರಡಕ್ಕೂ ಹುಟ್ಟುಸ್ನೇಹ. ಆದರೆ ಪ್ರಕೃತಿಯಲ್ಲಿ ನೇರವಾದ ಗೆರೆಯೆಲ್ಲಿದೆ? ಲಂಬಕೋನವೊಂದನ್ನೇ ಬಲ್ಲ ಪದಾರ್ಥದಿಂದ ಬಂಡೆಯನ್ನೂ ಹರಿಯುವ ನೀರನ್ನೂ ಮಾಡಬೇಕು. ಇದಕ್ಕೊಂದು ಅಂಕಗಣಿತದ ಉಪಾಯವನ್ನು ಹುಡುಗಿ ನನಗೆ ಅಳತೆಪಟ್ಟಿ ಹಿಡಿದು ತೋರಿಸಿದಳು. ಗುಬುಟಿನಿಂದ ಗುಬುಟಿಗೆ ದೂರ 8 ಮಿಲಿಮೀಟರು. ತೆಳು ಫಲಕವೊಂದರ ದಪ್ಪ 3.2. ಐದು ಫಲಕಗಳನ್ನು ಪೇರಿಸಿದರೆ 16, ಎಂದರೆ ಸರಿಯಾಗಿ ಎರಡು ಗುಬುಟುಗಳ ಅಗಲ. ಆದ್ದರಿಂದ ಇಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿಯೂ ಕಟ್ಟಬಹುದು, ಎಲ್ಲಿಯೂ ಸಂದು ಬೀಳುವುದಿಲ್ಲ. ಇಳಿಜಾರಿನ ತುಂಡುಗಳನ್ನು ಒಂದು ನೇರಕ್ಕೆ, ಒಂದು ಅಡ್ಡಕ್ಕೆ, ಒಂದು ತಲೆಕೆಳಗಾಗಿ ಸೇರಿಸುತ್ತ ಹೋದರೆ ಗುಬುಟುಗಳೆಲ್ಲ ಮರೆಯಾಗಿ ಬಂಡೆ ಏಳುತ್ತದೆ. ಬೆಟ್ಟದ ಹೊಟ್ಟೆಯೊಳಗೆ ಎಳೆಮಕ್ಕಳಾಡುವ ದೊಡ್ಡ ಗಾತ್ರದ ಇಟ್ಟಿಗೆಗಳ ಚೌಕಟ್ಟು, ಉಳಿದುದೆಲ್ಲ ಪೊಳ್ಳು. ನದಿಗೆ ತಳದಲ್ಲಿ ಕಂದು, ನಡುವೆ ಕಡುನೀಲಿ, ಮೇಲೆ ಪಾರದರ್ಶಕವಾದ ನೂರಾರು ಬಿಲ್ಲೆಗಳು. ದಡದ ಹತ್ತಿರ ಕಂದು ಮೇಲಕ್ಕೆ ಬರುತ್ತದೆ. ನೀರು ಆಳವಿಲ್ಲವೆಂದು ಕಣ್ಣು ನಂಬುತ್ತದೆ.

ಬೂದುಬಣ್ಣದ ಕಥೆ ಬೇರೆಯೇ ಒಂದು. ಲೆಗೋ ಕಂಪನಿ ಮೊದಲ ಸರದಾರರ ಕೋಟೆಯನ್ನು 1978ರಲ್ಲಿ ಹೊರತಂದಾಗ ಅದರ ಬಣ್ಣ ಅಪ್ಪಟ ಹಳದಿ. ಬೂದು ಇಟ್ಟಿಗೆಗಳನ್ನು ಧಾರಾಳವಾಗಿ ಕೊಟ್ಟರೆ ಮಕ್ಕಳು ಯುದ್ಧದ ಟ್ಯಾಂಕು ಕಟ್ಟಿಯಾರೆಂಬ ಅಳುಕು ಯಜಮಾನರಿಗಿತ್ತೆಂದು ಹೇಳುವುದುಂಟು. ಆ ಕೋಟೆಯಲ್ಲಿ ಹದಿನಾಲ್ಕು ಜನ ಪುಟ್ಟ ಸರದಾರರಿದ್ದರು. ಕುದುರೆಗಳನ್ನು ಮಾತ್ರ ಇಟ್ಟಿಗೆಯಿಂದಲೇ ಕಟ್ಟಿಕೊಳ್ಳಬೇಕಾಗಿತ್ತು. 1984ರಲ್ಲಿ ಬೂದುಬಣ್ಣದ ಅರಮನೆಕೋಟೆ ಬಂದಿತು, 1993ರಲ್ಲಿ ಬೆಂಕಿಸರ್ಪ ಬಂದಿತು. ಮುಂದೆ 2004ರ ಸುಮಾರಿಗೆ ಕಂಪನಿ ಬೂದುಬಣ್ಣದ ಛಾಯೆಯನ್ನೇ ತುಸು ನೀಲಿಯ ಕಡೆಗೆ ತಿರುಗಿಸಿದ್ದರಿಂದ ವರ್ಷಗಟ್ಟಲೆ ಇಟ್ಟಿಗೆ ಕೂಡಿಟ್ಟಿದ್ದವರೆಲ್ಲ ಸಿಟ್ಟಾದರು. ನಮ್ಮ ಹುಡುಗಿಗೆ ಈ ಜಗಳ ಲಾಭವೇ ಆಯಿತು. ಅವಳ ಇಟ್ಟಿಗೆಗಳು ಹೆಚ್ಚಾಗಿ ಹಳೆಯ ಸಾಮಾನಿನ ಸಂತೆಯಲ್ಲಿ ಡಬ್ಬದ ಲೆಕ್ಕದಲ್ಲಿ ಕೊಂಡವು. ಎರಡು ಬೂದು ಬಣ್ಣಗಳೂ ಬೆರೆತಿದ್ದವು. ಹಳೆಯ ಬೆಚ್ಚನೆಯ ಬೂದನ್ನು ಬೆಟ್ಟಕ್ಕೆ, ಹೊಸ ತಣ್ಣನೆಯ ಬೂದನ್ನು ಕೋಟೆಗೋಡೆಗೆ ಬಳಸಿದ್ದಳು. ದೇವರು ಮಾಡಿದ ಕಲ್ಲು ಯಾವುದು, ಮನುಷ್ಯ ಕಡಿದ ಕಲ್ಲು ಯಾವುದು ಎಂಬುದು ದೂರದಿಂದಲೇ ತಿಳಿಯುತ್ತಿತ್ತು.

ಇಂದು ಇಂಥ ಅದ್ಭುತ ಲೋಕಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಟೋಲ್ಕೀನ್ ಕಲ್ಪಿಸಿದ ರಿವೆಂಡೆಲ್ ಕಣಿವೆ 2023ರಲ್ಲಿ 6,167 ತುಂಡುಗಳ ಪೆಟ್ಟಿಗೆಯಾಗಿ ಬಂದಿತು. ಜೊತೆಗೆ ಯಾವ ತುಂಡು ಎಲ್ಲಿಗೆಂದು ಹೇಳುವ ಪುಸ್ತಕವೂ ಉಂಟು. ಅದು ಸುಂದರವಾಗಿದೆ, ವೈಲೆಯ ಅಂಗಡಿಯ ಕಿಟಕಿಯಲ್ಲಿ ನೋಡಿದೆ. ಆದರೂ ಪುಸ್ತಕ ನೋಡಿ ಕಟ್ಟುವುದಕ್ಕೂ ನೋಡದೆ ಕಟ್ಟುವುದಕ್ಕೂ ಟೀಕಿನ ಸಮೇತ ಪದ್ಯ ಬಾಯಿಪಾಠ ಮಾಡುವುದಕ್ಕೂ ಪದ್ಯ ಬರೆಯುವುದಕ್ಕೂ ಇರುವಷ್ಟೇ ಅಂತರವಿದೆಯೆಂದು ನನ್ನ ಭಾವನೆ. ಭಾವ ಇದನ್ನೊಪ್ಪಲಿಲ್ಲ. ಪುಸ್ತಕ ನೋಡಿ ನೂರು ಸಲ ಕಟ್ಟಿದ ಮೇಲೆಯೇ ಕೈಗೆ ಬುದ್ಧಿ ಬರುವುದೆಂದು ವಾದಿಸಿದರು. ಎಂಜಿನಿಯರರ ಮಾತು, ಅರ್ಧ ನಿಜವಿರಬಹುದು.

ಒಂದು ಭಾನುವಾರ ನಾವು ನಾಲ್ವರೂ ಕೋಲ್ಡಿಂಗ್ ಎಂಬ ಊರಿಗೆ ಹೋದೆವು. ಅಲ್ಲಿ ಕೆರೆಯ ದಂಡೆಯ ಮೇಲೆ 1268ರಲ್ಲಿ ಕಟ್ಟಲಾರಂಭಿಸಿದ ಕೋಲ್ಡಿಂಗ್‌ಹೂಸ್ ಎಂಬ ರಾಜರ ಕೋಟೆಯಿದೆ. 1808ರಲ್ಲಿ, ಸ್ಪೇನಿನ ಸೈನಿಕರು ಬೀಡುಬಿಟ್ಟಿದ್ದಾಗ, ಬೆಂಕಿಬಿದ್ದು ಹಾಳಾಗಿ ಬಹುಕಾಲ ಮೊಂಡುಗೋಡೆಯಾಗಿಯೇ ನಿಂತಿದ್ದುದನ್ನು ಕಳೆದ ಶತಮಾನದಲ್ಲಿ ಸರಿಪಡಿಸಿದ್ದಾರೆ. ಹಳೆಯ ಗೋಡೆಗಳ ಗಾಯವನ್ನು ಮುಚ್ಚದೆ, ಒಳಗೆ ಮರದ ಕಂಬಗಳನ್ನೆಬ್ಬಿಸಿ ಮಾಡು ಹೊದಿಸಿರುವುದು ಆ ಕೆಲಸಗಾರರ ದೊಡ್ಡತನ. ನಾನೂ ಅಕ್ಕನೂ ಗೋಪುರವನ್ನು ನೋಡುತ್ತಿದ್ದರೆ ಹುಡುಗಿ ಕೋಟೆಯ ಹೊರಗೆ ಇಳಿಜಾರಿನಲ್ಲಿ ಕುಳಿತು, ದಿನ್ನೆ ಎಲ್ಲಿ ಮುಗಿದು ಗೋಡೆ ಎಲ್ಲಿ ಮೊದಲಾಗುತ್ತದೆಂಬುದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆ ದಿನ ರಾತ್ರಿ ತನ್ನ ಕೋಟೆಯ ಬುಡದಲ್ಲಿ ಎರಡು ವರಸೆ ಇಟ್ಟಿಗೆ ಕಿತ್ತು, ಬಂಡೆ ಗೋಡೆಯೊಳಕ್ಕೆ ನುಗ್ಗಿರುವಂತೆ ತಿದ್ದಿದಳು. ಇನ್ನು ಹತ್ತು ದಿನಕ್ಕೆ ಬಿಚ್ಚಬೇಕಾಗಿದ್ದ ಕೋಟೆ ಅದು.

ಬಿಚ್ಚುವ ವಿಚಾರ ಮನೆಯಲ್ಲಿ ಯಾರೂ ಎತ್ತಲು ಬಯಸದ ವಿಚಾರವಾಗಿತ್ತು. ವಿಮಾನದವರು ತಲೆಗೆ ಬಿಡುವುದು 23 ಕಿಲೋ. ಹಡಗಿನಲ್ಲಿ ಕಳಿಸುವ ಪೆಟ್ಟಿಗೆಗಳಲ್ಲಿ ಪಾತ್ರೆಪಗಡಿ, ಪುಸ್ತಕಗಳೇ ತುಂಬಿದ್ದವು. ಕೊನೆಗೆ ಭಾವನೇ ಹೇಳಿದರು: ಕೋಟೆಯೊಂದನ್ನು ಹತ್ತಿ ಸುತ್ತಿ ಹಾಗೆಯೇ ಒಯ್ಯೋಣ, ಉಳಿದುದನ್ನು ಬಿಚ್ಚಿ ಬಂದ ಸಂತೆಗೇ ಕೊಟ್ಟುಬಿಡೋಣ. ತಂದೆಯಾದವರು ತಮ್ಮಿಂದಾದಷ್ಟು ಉದಾರವಾಗಿಯೇ ಹೇಳಿದ ಮಾತು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಅಳಲಿಲ್ಲ.

“ಕೋಟೆ ಬೇಡ ಅಪ್ಪ,” ಎಂದಳು. “ಅದನ್ನ ಎಲ್ಲಿ ಬೇಕಾದ್ರೂ ಮತ್ತೆ ಕಟ್ಬಹುದು. ಗಿರಣಿ ಇರೋ ಹಲಗೆ ಬೇಕು.”

ಮಾರನೆಯ ದಿನ ಬೆಳಗ್ಗೆ ಕೋಟೆಯಿಂದಲೇ ಪ್ರಾರಂಭಿಸಿದಳು. ನಾನು ಪಕ್ಕದಲ್ಲಿ ಕುಳಿತು ಕೈಗೂಡಿಸಿದೆ. ಎರಡು ಚಳಿಗಾಲದ ಕೆಲಸ ಬಿಚ್ಚಲು ಎರಡು ಹಗಲು ಸಾಕಾಯಿತು. ಆ ದೇಶದಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುವುದರಿಂದ ಹಗಲು ಎಂದರೆ ಸಾಮಾನ್ಯ ಹಗಲಲ್ಲ. ಇಟ್ಟಿಗೆಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ, ತೊಳೆದ ಮೊಸರಿನ ಡಬ್ಬಗಳಲ್ಲಿ ತುಂಬಿದೆವು. ಹಳೆಯ ಬೂದು, ಹೊಸ ಬೂದು ಎರಡನ್ನೂ ನಾನು ಒಂದೇ ಡಬ್ಬಕ್ಕೆ ಹಾಕದಂತೆ ಅವಳು ಕಣ್ಣಿಟ್ಟಿದ್ದಳು. ಕಾಡಿನ ಹಲಗೆಯಡಿಯಲ್ಲಿ, ಮರಗಳ ಬುಡದಲ್ಲಿ, ಮೇಲಿಂದ ಯಾರಿಗೂ ಕಾಣದಂತೆ ಒಂದು ಸಣ್ಣ ಬಾವಿ ಸಿಕ್ಕಿತು. ಇದು ಯಾರಿಗೆಂದು ಕೇಳಿದೆ. “ಕಾಡಲ್ಲಿ ಇರೋರಿಗೆ,” ಎಂದಷ್ಟೇ ಹೇಳಿ ಅದನ್ನೂ ಬಿಚ್ಚಿದಳು.

ಗಿರಣಿಯ ಹಲಗೆ ನನ್ನ ಪೆಟ್ಟಿಗೆಯಲ್ಲಿ, ಎರಡು ಉಣ್ಣೆಯ ಅಂಗಿಗಳ ನಡುವೆ ಬಂದಿತು. ಚಕ್ರದ ಒಂದು ರೆಕ್ಕೆ ಕಳಚಿದ್ದುದನ್ನು ಬಿಟ್ಟರೆ ನದಿಯ ತಿರುವು, ದಡದ ಕಂದು, ಗಿರಣಿಯ ಓರೆಮಾಡು ಎಲ್ಲ ಹಾಗೆಯೇ ಇವೆ. ಈಗ ಅದು ನಮ್ಮ ಮನೆಯ ನಡುಮನೆಯಲ್ಲಿ ಬೀರುವಿನ ಮೇಲಿದೆ. ಅವರು ಬರುವುದು ಮುಂದಿನ ತಿಂಗಳು. ನಮ್ಮ ತಾಯಿ ಮೊನ್ನೆ ಅದನ್ನು ಕೆಳಗಿಳಿಸಿ, ಧೂಳೊರಸಿ, ಗೇಣು ಹಾಕಿ ಅಳೆದರು. ನವರಾತ್ರಿಯಲ್ಲಿ ಬೊಂಬೆಯ ಮೆಟ್ಟಿಲುಗಳ ಮುಂದೆ ನೆಲದ ಮೇಲೆ ಅವರು ಪ್ರತಿವರ್ಷವೂ ಮಣ್ಣು ಹರವಿ, ರಾಗಿ ಚೆಲ್ಲಿ ಪೈರು ಬರಿಸಿ, ಬೆಟ್ಟ ಕೆರೆ ಕಾಡು ಮಾಡುವವರು. ಅಳೆದಾದ ಮೇಲೆ, ಈ ನದಿ ಮುಂದಕ್ಕೆ ಯಾವ ದಿಕ್ಕಿಗೆ ಹರಿಯುತ್ತದೆಂದು ಮೊಮ್ಮಗಳನ್ನು ಕೇಳಿ ತಿಳಿದುಕೊಳ್ಳುವಂತೆ ನನಗೆ ಹೇಳಿದ್ದಾರೆ. ಕೆರೆಯನ್ನು ಆ ಕಡೆಗೆ ತೋಡಬೇಕಂತೆ.